ಸರ್ಕಾರಿ ವೆಬ್‌ಸೈಟ್ ಅಸಲಿಯೋ ನಕಲಿಯೋ? ವಿಳಾಸದ ಬಾಲ ನೋಡಿ

ಪಾಸ್‌ಪೋರ್ಟ್ ಮಾಡಿಸಲು ಕೂತವರು ಗೂಗಲ್‌ನಲ್ಲಿ ಹುಡುಕಿ, ಮೇಲೆ ಬಂದ ಮೊದಲ ಸಾಲನ್ನೇ ಒತ್ತಿಬಿಡುತ್ತಾರೆ. ಮಂಡ್ಯದ ಸೈಬರ್ ಸೆಂಟರ್‌ಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ದುಡ್ಡು ಹೋಗುವುದು ಇಲ್ಲೇ.

1. ‘ಪ್ರಾಯೋಜಿತ’ ಅಥವಾ ‘ಸ್ಪಾನ್ಸರ್ಡ್’ ಎಂದಿರುವ ಸಾಲು ಜಾಹೀರಾತು. ಅದನ್ನು ಬಿಟ್ಟು ಕೆಳಗೆ ಹೋಗಿ.

2. ಪುಟ ತೆರೆದ ಮೇಲೆ ವಿಳಾಸ ಓದಿ. ಎಡವುವುದು ಇಲ್ಲೇ ಜಾಸ್ತಿ. ಮೊಬೈಲ್‌ನಲ್ಲಿ ವಿಳಾಸ ಅರ್ಧ ಮಾತ್ರ ಕಾಣುತ್ತದೆ, ಅದರ ಮೇಲೆ ಬೆರಳಿಟ್ಟು ಪೂರ್ತಿ ಬರಿಸಿಕೊಳ್ಳಿ. ಶುರುವಿನ ಜೋಡಿ ಓರೆಗೆರೆ (//) ಬಿಡಿ. ಆಮೇಲೆ ಸಿಗುವ ಮೊದಲ ಒಂಟಿ ಓರೆಗೆರೆಗೆ ನಿಂತು, ಅಲ್ಲಿಂದ ಹಿಂದಕ್ಕೆ ಓದಿ. ಬಾಲದಲ್ಲಿ ‘.ಗವ್.ಇನ್’ (.gov.in) ಅಥವಾ ‘.ಎನ್‌ಐಸಿ.ಇನ್’ (.nic.in) ಇರಬೇಕು. ಇವು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತವೆ. ‘.ಕಾಮ್’, ‘.ಆರ್ಗ್’, ಬರೀ ‘.ಇನ್’ ಆದರೆ ದುಡ್ಡು ಕೊಟ್ಟು ಯಾರು ಬೇಕಾದರೂ ಕೊಳ್ಳಬಹುದು.

‘ಪಾಸ್‌ಪೋರ್ಟ್‌ಇಂಡಿಯಾ.ಗವ್.ಇನ್’ ಅಸಲಿ. ‘ಪಾಸ್‌ಪೋರ್ಟ್‌ಇಂಡಿಯಾ-ಗವ್.ಇನ್’ ಎಂದಿದ್ದರೆ ಸರ್ಕಾರದ್ದಲ್ಲ, ಚುಕ್ಕಿ ಇರಬೇಕಾದ ಕಡೆ ಅಡ್ಡಗೆರೆ ಇದೆ. ‘ಪಾಸ್‌ಪೋರ್ಟ್‌ಇಂಡಿಯಾ.ಗವ್.ಇನ್.ಅಪ್ಲೈ.ಕಾಮ್’ ಎಂದಿದ್ದರೂ ಅಲ್ಲ. ಬಾಲ ‘ಕಾಮ್’ ಆಯ್ತಲ್ವಾ? ನಡುವೆ ‘ಗವ್’ ಇದ್ದು ಏನೂ ಉಪಯೋಗವಿಲ್ಲ.

ವಿಳಾಸದ ಪಕ್ಕದ ಬೀಗದ ಗುರುತನ್ನು ನಂಬಬೇಡಿ. ನೀವು ಕಳಿಸುವ ಮಾಹಿತಿ ದಾರಿಯಲ್ಲಿ ಬೇರೆಯವರಿಗೆ ಕಾಣದು ಎಂದಷ್ಟೇ ಅದರ ಅರ್ಥ. ಕಳ್ಳನ ಪುಟಕ್ಕೂ ಬೀಗ ಇರುತ್ತದೆ. ಅಶೋಕ ಲಾಂಛನ, ಮಂತ್ರಿಗಳ ಫೋಟೊ ಯಾರು ಬೇಕಾದರೂ ಅಂಟಿಸಬಹುದು.

3. ಕೆಲವು ಸರ್ಕಾರಿ ಸಂಸ್ಥೆಗಳಿಗೆ ಈ ಬಾಲ ಇರುವುದಿಲ್ಲ. ರೈಲು ಟಿಕೆಟ್‌ನ ‘ಐಆರ್‌ಸಿಟಿಸಿ.ಕೋ.ಇನ್’ ಅಂಥದ್ದು. ಅನುಮಾನ ಬಂದರೆ ‘ಐಗಾಡ್.ಗವ್.ಇನ್’ನಲ್ಲಿ (igod.gov.in) ಹುಡುಕಿ. ಅದು ಸರ್ಕಾರಿ ಜಾಲತಾಣಗಳ ಸರ್ಕಾರದ್ದೇ ಪಟ್ಟಿ. ನಮ್ಮ ಜಿಲ್ಲೆಯ ಮಾಹಿತಿಗೆ ‘ಮಂಡ್ಯ.ಎನ್‌ಐಸಿ.ಇನ್’ ಇದೆ. ಪಹಣಿ, ಸೇವಾ ಸಿಂಧು ಎರಡರ ವಿಳಾಸವೂ ‘ಕರ್ನಾಟಕ.ಗವ್.ಇನ್’ ಎಂದೇ ಮುಗಿಯುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ (ಮೊಬೈಲ್‌ಗೆ ಆ್ಯಪ್ ಹಾಕುವ) ಫೈಲನ್ನಂತೂ ಮುಟ್ಟಲೇಬೇಡಿ, ಯಾವ ಯೋಜನೆಯ ಹೆಸರಿದ್ದರೂ ಸರಿ.

4. ಸರಿಯಾದ ಪುಟ ಸಿಕ್ಕ ಕೂಡಲೇ ಬುಕ್‌ಮಾರ್ಕ್ ಮಾಡಿ. ಪ್ರತಿ ಸಲ ಸುಮ್ನೆ ಗೂಗಲ್ ಮಾಡುವ ಅಭ್ಯಾಸ ಬಿಡಲೇಬೇಕು.

5. ಹಣ ಕಟ್ಟುವ ಮೊದಲು ಶುಲ್ಕ ನೋಡಿ. ದೊಡ್ಡವರ 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ 1,500 ರೂಪಾಯಿ. ‘ಸರ್ವಿಸ್ ಚಾರ್ಜ್’ ಅಂತ ಮೇಲೆ ಕೇಳಿದರೆ ಪುಟ ಮುಚ್ಚಿ. ಮೋಸದ ಪುಟದಲ್ಲಿ ಕಟ್ಟಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.