ಪೀಣ್ಯದ ಶೆಡ್ಡಿನಲ್ಲಿ ಎಳೆದ ಮೆಂಬ್ರೇನ್: ನನ್ನ ಅನುಭವ

ವಿದ್ಯುತ್ತಿನಿಂದ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಸೆಲ್ಲಿನಲ್ಲಿ ಎರಡು ಅನಿಲ ಬೆರೆಯದಂತೆ ತಡೆಯುವ ತೆಳು ಹಾಳೆಯೇ ಮೆಂಬ್ರೇನ್. ನಾನೇ ಮಾಡಿದ ಹಾಳೆ ಅಂಥ ಸೆಲ್ಲಿನೊಳಗೆ ಕೂತು ನಾಲ್ಕು ತಿಂಗಳ ಮೇಲಾಯಿತು. 30% ಕೆಓಎಚ್ (ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ), 70 ಡಿಗ್ರಿ ಬಿಸಿ, ಎರಡೂ ಕಡೆ ನಿಕಲ್ ಜಾಲರಿ. 2 ವೋಲ್ಟಿನ ಆಸುಪಾಸಿನಲ್ಲಿ ಚದರ ಸೆಂಟಿಮೀಟರಿಗೆ 300 ಮಿಲಿಆಂಪ್ ಸಿಗುತ್ತಿದೆ. "ಇದೆಲ್ಲ ಶೆಡ್ಡಲ್ಲಿ ಆಗೋ ಕೆಲಸ ಅಲ್ಲ, ಸುಮ್ನೆ ರೆಡಿಮೇಡ್ ಮೆಂಬ್ರೇನ್ ನೇಫಿಯಾನ್ ತರಿಸಿ" ಎಂದಿದ್ದವರೇ ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನೇಫಿಯಾನ್ ಒಳ್ಳೆಯದೇ. ಆದರೆ ಅಂಗೈ ಅಗಲದ ತುಂಡಿಗೂ ಸಾವಿರಗಟ್ಟಲೆ ತೆರಬೇಕು. ಅದು ಆಮ್ಲೀಯ, ಹಾಗಾಗಿ ಅದನ್ನು ಹಾಕಿದರೆ ಇರಿಡಿಯಂ, ಪ್ಲಾಟಿನಂ, ಟೈಟಾನಿಯಂನಂಥ ದುಬಾರಿ ಲೋಹಗಳೆಲ್ಲ ಹಿಂದೆಯೇ ಬರುತ್ತವೆ. ಕ್ಷಾರದಲ್ಲಿ ನಿಕಲ್ ಸಾಕು. ಬೆಲ್ಜಿಯಂನ ಅಗ್ಫಾ ಕಂಪನಿ ಇಂಥ ಕ್ಷಾರದ ಸೆಲ್ಲಿಗೆಂದೇ ಮಾಡುವ ಜಿರ್ಫಾನ್ ಹಾಳೆ ಗೊತ್ತಲ್ವಾ, ನಾನು ಹಿಡಿದದ್ದು ಅದೇ ಜಾಡು. ತೂಕದಲ್ಲಿ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡಿನ ಪುಡಿ) 85, ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ 15, ಅದನ್ನು ಕರಗಿಸಲು ಎನ್ಎಂಪಿ ಎಂಬ ದ್ರಾವಕ.

ಮೊದಲು ಕೈಕೊಟ್ಟದ್ದು ಹಾಳೆಗೆ ಬಲ ಕೊಡುವ ಒಳಗಿನ ಬಟ್ಟೆ. ಸ್ಕ್ರೀನ್ ಪ್ರಿಂಟಿಂಗಿನ ಪಾಲಿಯೆಸ್ಟರ್ ಮೆಶ್ ಅಗ್ಗ, ನೇಯ್ಗೆಯೂ ಚೆಂದ. ಬಿಸಿ ಕೆಓಎಚ್ ಅದನ್ನು ವಾರದೊಳಗೆ ತಿಂದುಹಾಕಿತು. ಪಾಲಿಪ್ರೊಪಿಲೀನ್ ಮೆಶ್‌ಗೆ ಬದಲಾಯಿಸಿದೆ, ಅದು ಈಗಲೂ ಗಟ್ಟಿಯಾಗಿದೆ. ಆಮೇಲೆ ಪುಡಿಯ ಗೋಳು. ಒಬ್ಬ ಸಪ್ಲೈಯರ್ ನುಣುಪು ಎಂದು ಕೊಟ್ಟ ಜಿರ್ಕೋನಿಯಾ ರಾತ್ರಿ ಕಳೆಯುವುದರೊಳಗೆ ಬಾಟಲಿಯ ತಳ ಸೇರಿತ್ತು. ಹತ್ತು ಹನ್ನೆರಡು ಸಾವಿರ ನೀರುಪಾಲು. ಈಗ ಹೊಸ ಲಾಟ್ ಬಂದರೆ ಮೊದಲು ಒಂದು ಚಮಚ ಕಲಸಿ, ಒಂದು ದಿನ ಬಿಟ್ಟು ನೋಡಿಯೇ ದುಡ್ಡು ಕೊಡುತ್ತೇನೆ.

ಕಲಸಿದ ದ್ರಾವಣದ ಹದ ಜೋನಿ ಬೆಲ್ಲದಂತಿರಬೇಕು. ವ್ಯಾಕ್ಯೂಮಿನಲ್ಲಿ ಗುಳ್ಳೆ ತೆಗೆಯದಿದ್ದರೆ ಪಿನ್‌ಹೋಲ್ ಖಂಡಿತ. ಗಾಜಿನ ಮೇಲೆ ಬ್ಲೇಡಿನಿಂದ ತೆಳ್ಳಗೆ ಎಳೆದು ನೀರಿಗೆ ಇಳಿಸಿದಾಗ ಮೈಮೇಲಿನ ಹೊಳಪು ಒಂದೇ ಸಲಕ್ಕೆ ಆರುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಮೂಲೆ ಗಾಜು ಬಿಟ್ಟು ಮೇಲೇಳುತ್ತದೆ. ಆಗ ಎಳೆಯಬೇಡಿ, ಅದೇ ಬಿಡಿಸಿಕೊಳ್ಳಲಿ. ಮಳೆಗಾಲದಲ್ಲಿ ನೀರಿಗೆ ಇಳಿಸುವ ಮೊದಲೇ ಗಾಳಿಯ ತೇವಕ್ಕೆ ಮೈ ಮಂಕಾಗುತ್ತದೆ, ಅಂಥದ್ದು ಯಾವುದೂ ಉಳಿಯಲಿಲ್ಲ. ಗಾಳಿಯಲ್ಲಿ ಎಷ್ಟು ಸೆಕೆಂಡ್ ಇಡುತ್ತೇನೆ, ನೀರಿಗೆ ಏನು ಬೆರೆಸುತ್ತೇನೆ ಎನ್ನುವುದು ಮಾತ್ರ ನನ್ನಲ್ಲೇ ಇರಲಿ. ತಯಾರಾದ ಹಾಳೆ ಯಾವಾಗಲೂ ನೀರಲ್ಲೇ ಇರಬೇಕು, ಒಣಗಿದರೆ ರಂಧ್ರ ಮುಚ್ಚಿಕೊಳ್ಳುತ್ತವೆ. ಎನ್ಎಂಪಿ ವಿಷಯದಲ್ಲಿ ಸಲಿಗೆ ಬೇಡ: ಕೈಗವಸು, ಎಕ್ಸಾಸ್ಟ್ ಕಡ್ಡಾಯ. ಗರ್ಭಿಣಿಯರು ಹತ್ತಿರ ಬರಲೇಬಾರದು.

ನಡುವೆ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ಹಾಳೆಯನ್ನೂ, ಗಟ್ಟಿಯಾಗಲು ಗ್ಲುಟರಾಲ್ಡಿಹೈಡ್ ಹಾಕಿ, ಮಾಡಿ ನೋಡಿದೆ. ತಣ್ಣಗಿದ್ದಾಗ ಚೆನ್ನಾಗಿತ್ತು, ಬಿಸಿ ಏರಿದಂತೆ ಉಬ್ಬಿ ಹರಿಯಿತು. ಜಿರ್ಕೋನಿಯಾ ಬದಲು ಬೇರಿಯಂ ಸಲ್ಫೇಟ್ ಹಾಕಿದ್ದು ಪರವಾಗಿಲ್ಲ, ಖರ್ಚೂ ಕಡಿಮೆ. ಅದರ ಕೆಲಸ ಇನ್ನೂ ಬಾಕಿ ಇದೆ.

ಒಟ್ಟು ಒಂದೂವರೆ ಲಕ್ಷದಷ್ಟು ಹೋಯಿತು, ಅರ್ಧ ಎಸೆದ ಹಾಳೆಗಳಿಗೇ. ಈಗ ಚದರ ಅಡಿಗೆ ಸಾಮಾನಿನ ಖರ್ಚು 600 ರೂಪಾಯಿ ದಾಟಲ್ಲ. ದಪ್ಪ 450 ಮೈಕ್ರಾನ್ ಸುಮಾರು. ರೆಸಿಸ್ಟೆನ್ಸ್ 0.35 ಓಮ್-ಚದರ ಸೆಂಟಿಮೀಟರ್ ಹತ್ತಿರ, ಅಂದರೆ 300 ಮಿಲಿಆಂಪಿಗೆ ಹಾಳೆಯಲ್ಲಿ ಕಳೆದುಕೊಳ್ಳುವುದು 0.1 ವೋಲ್ಟ್ ಅಷ್ಟೇ. ಎರಡು ಬಾರ್ ಗಾಳಿ ಒತ್ತಿದರೂ ಗುಳ್ಳೆ ಬರಲ್ಲ. ಆಕ್ಸಿಜನ್ ಕಡೆ ಹೈಡ್ರೋಜನ್ 1% ಒಳಗೇ ಇದೆ. 4% ಮುಟ್ಟಿದರೆ ಸ್ಫೋಟದ ಅಪಾಯ, ಅದಕ್ಕೇ ನನ್ನ ಸೆಲ್ 2%ಗೇ ತಾನಾಗಿ ಆಫ್ ಆಗುತ್ತದೆ.

ದೊಡ್ಡ ಹಾಳೆಯಲ್ಲಿ ಅಂಚು ಇನ್ನೂ ದಪ್ಪ ಬರುತ್ತಿದೆ. ಕೈಯಲ್ಲಿ ಎಳೆಯುವುದು ಬಿಟ್ಟು ಬ್ಲೇಡಿಗೆ ಮೋಟಾರ್ ಕಟ್ಟುತ್ತಿದ್ದೇನೆ.