ಕಪ್ಪು ಬಣ್ಣದ ಅಡಿಯಲ್ಲಿದ್ದ ರೈಲು

ದಾವಣಗೆರೆಯ ಮಂಡಿಪೇಟೆಯಲ್ಲಿ ಹತ್ತಿ ವರ್ತಕರೊಬ್ಬರ ಹಳೆಯ ಮನೆ ಕೆಡವಿದಾಗ ಗುಜರಿಗೆ ಬಂದ ಸಾಮಾನಿನಲ್ಲಿ ಈ ಕೀಲಿ ಕೊಡುವ ಆಟಿಕೆ ರೈಲು ಸಿಕ್ಕಿತು. ಒಂದು ಎಂಜಿನ್, ಅದರ ಹಿಂದಿನ ಕಲ್ಲಿದ್ದಲು ಬಂಡಿ, ಎರಡು ಬೋಗಿ. 1,800 ರೂಪಾಯಿ ಕೊಟ್ಟೆ. ಕಿಟಕಿ ಸರಳಿಗೆ ಬಳಿಯುವ ಕಪ್ಪು ಎನಾಮಲ್ಲನ್ನು ಯಾರೋ ಎಲ್ಲದಕ್ಕೂ ದಪ್ಪಗೆ ಬಳಿದಿದ್ದರು. ಹೆಸರಿಲ್ಲ, ಮುದ್ರೆಯಿಲ್ಲ, ಕೀಲಿಯೂ ಇಲ್ಲ.

ಸಂಗ್ರಹದ ಹುಚ್ಚಿರುವ ಗೆಳೆಯರಿಗೆ ತೋರಿಸಿದೆ. ಒಬ್ಬರು ಇಂಗ್ಲೆಂಡಿನ ಆಟಿಕೆ ರೈಲು ಕಂಪನಿ ಹಾರ್ನ್‌ಬಿಯದು ಎಂದರು. ತಗಡಿನ ರೈಲು ಯಾವುದೇ ಇರಲಿ, ನಮ್ಮಲ್ಲಿ ಮೊದಲು ಬಾಯಿಗೆ ಬರುವ ಹೆಸರೇ ಅದು. ಇನ್ನೊಬ್ಬರು, ‘ಯುದ್ಧದ ನಂತರದ ಜಪಾನಿನ ಮಾಲು, ಐನೂರು ಬಂದರೆ ಹೆಚ್ಚು’ ಎಂದರು. ಬಣ್ಣದ ಅಡಿಯಲ್ಲಿರುವುದನ್ನು ಓದಿಯೇ ಗುರುತಿಸುತ್ತೇನೆ ಎಂದಾಗ ಇಬ್ಬರೂ ತಲೆಯಾಡಿಸಿಬಿಟ್ಟರು. ಮೇಲಿನ ಬಣ್ಣದ ಜೊತೆ ಕೆಳಗಿನದೂ ಕಿತ್ತು ಬರುತ್ತದೆ ಎಂಬುದು ಅವರ ವಾದ.

ಮೊದಲ ಪ್ರಯತ್ನದಲ್ಲಿ ಅವರ ಮಾತೇ ನಿಜವಾಯಿತು. ಒಂದು ಬೋಗಿಯ ಮಾಡಿಗೆ ಥಿನ್ನರ್ ಹಚ್ಚಿದೆ. ಐದೇ ನಿಮಿಷದಲ್ಲಿ ಎನಾಮಲ್ ಸುಕ್ಕುಗಟ್ಟಿ ಎದ್ದಿತು. ಖುಷಿಯಿಂದ ಬಟ್ಟೆಯಲ್ಲಿ ಒರೆಸಿದರೆ ಕಪ್ಪಿನ ಹಿಂದೆಯೇ ಮೂಲದ ಬಣ್ಣವೂ ಬಟ್ಟೆಗೆ ಬಂತು, ಕೆಳಗೆ ಬರಿಯ ಬಿಳಿ ತಗಡು. ಆ ಒಂದು ಸಂಜೆ ಮೂರು ಸಾವಿರ ರೂಪಾಯಿಯಷ್ಟಾದರೂ ಕಳೆದುಕೊಂಡೆ ಎಂಬುದು ಈಗಿನ ನನ್ನ ಲೆಕ್ಕ.

ಅಲ್ಲಿಂದ ಮುಂದೆ ಒಂದು ಅಂಗುಲಕ್ಕಿಂತ ದೊಡ್ಡ ಜಾಗ ಮುಟ್ಟಲಿಲ್ಲ. ಹತ್ತಿ ಸುತ್ತಿದ ಕಡ್ಡಿ, ಟೇಬಲ್ ಲ್ಯಾಂಪ್, ದಿನಕ್ಕೆ ಒಂದು ಗಂಟೆ. ಯಾವುದರಲ್ಲಿ ಅದ್ದಿ ಒರೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ. ಅಡುಗೆಮನೆಯಲ್ಲೇ ಇರುವ ವಸ್ತು ಎಂದಷ್ಟೇ ಹೇಳಬಲ್ಲೆ.

ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನೂ ಬಿಟ್ಟು ನೋಡಿದೆ. ಹೊಸ ಬಣ್ಣದಿಂದ ತೇಪೆ ಹಾಕಿದ್ದರೆ ಎಷ್ಟೋ ಸಲ ಆ ಬೆಳಕಿನಲ್ಲಿ ಬೇರೆಯಾಗಿ ಹೊಳೆಯುತ್ತದೆ. ನನ್ನ ಬಳಿಯಿದ್ದ ಬೇರೊಂದು ತಗಡಿನ ಮೋಟಾರಿನಲ್ಲಿ ಅದು ಚೆನ್ನಾಗಿಯೇ ಕಂಡಿತು. ಈ ಕಪ್ಪಿನ ಮೇಲೆ ಮಾತ್ರ ಏನೂ ಗೊತ್ತಾಗಲಿಲ್ಲ.

ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ, ಕಲ್ಲಿದ್ದಲು ಬಂಡಿಯ ಮಗ್ಗುಲ ನಡುವೆ ಕಡುಗೆಂಪಿನ ಮೇಲೆ ಹಳದಿಯ ‘ಎಂ’ ಅಕ್ಷರ ಕಂಡಿತು. ಮರುದಿನ ಅದರ ಬಲಕ್ಕೆ ‘ಎಸ್’. ಫೋಟೋ ಕಳುಹಿಸಿದ ಕೂಡಲೇ ಗೆಳೆಯರ ಫೋನ್: ‘ಇನ್ನೊಂದು ಎಂ ಬರುತ್ತದೆ ನೋಡಿ, ಎಂ.ಎಸ್.ಎಂ!’ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಒಂದು ಕಾಲಕ್ಕೆ ನಮ್ಮ ದಾವಣಗೆರೆಯ ಮೇಲೆಯೇ ಗಾಡಿ ಓಡಿಸಿದ ಕಂಪನಿ. ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಬಲಗಡೆ ಇನ್ನೂ ಒಂದು ಅಂಗುಲ ಬಿಡಿಸಿದೆ. ಅಲ್ಲಿ ಅಕ್ಷರವೇ ಇರಲಿಲ್ಲ. ಎಡಕ್ಕೆ ಬಂದಾಗ ಸಿಕ್ಕಿದ್ದು ‘ಎಲ್’. ಎಲ್.ಎಂ.ಎಸ್., ಅಂದರೆ ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್.

ಬೇಸರವಾಯಿತು, ನಿಜ. ಆದರೆ ನನಗೆ ಕಾಲ ಕೊಟ್ಟಿದ್ದು ಆ ‘ಎಲ್’. ಬ್ರಿಟನ್ನಿನ ರೈಲು ಕಂಪನಿಗಳನ್ನು ನಾಲ್ಕಾಗಿ ಕೂಡಿಸಿದ್ದು 1923ರಲ್ಲಿ. ಅದಕ್ಕೆ ಮೊದಲು ಎಲ್.ಎಂ.ಎಸ್. ಎಂಬ ಕಂಪನಿಯೇ ಇರಲಿಲ್ಲ. ವಾರದ ನಂತರ ಎಂಜಿನ್ನಿನ ಮೇಲೆ ಬೇಳೆಕಾಳಿನಷ್ಟು ಗಾತ್ರದ ಮುದ್ರೆ ಬಿಡಿಸಿದೆ: ‘ಬಿ.ಡಬ್ಲ್ಯು.’ ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್ ಕಾರ್ಖಾನೆ. ಅವರ ಹಳೆಯ ಮುದ್ರೆ ‘ಜಿ.ಬಿ.ಎನ್.’, ಬಿ.ಡಬ್ಲ್ಯು. ಬಂದದ್ದು ಮೊದಲ ಮಹಾಯುದ್ಧದ ನಂತರ. 1930ರ ದಶಕದ ಆರಂಭದಲ್ಲಿ ಕಾರ್ಖಾನೆಯೇ ಮುಳುಗಿತು. ಅಲ್ಲಿಗೆ ಎಂಜಿನ್ನಿನ ವಯಸ್ಸು ಸುಮಾರು ಹತ್ತು ವರ್ಷದ ಕಿಂಡಿಯೊಳಗೆ ಬಂದು ನಿಂತಿತು. ಇಂಗ್ಲೆಂಡಿನ ಮಾರುಕಟ್ಟೆಗೆಂದು ಬಿಂಗ್ ಅಲ್ಲಿನ ಕಂಪನಿಗಳ ಬಣ್ಣದಲ್ಲೇ ರೈಲು ಮಾಡಿ ಕಳುಹಿಸುತ್ತಿತ್ತು. ಮಂಡಿಪೇಟೆಯ ಆ ಮನೆಯವರ ಅಜ್ಜ ಬೊಂಬಾಯಿಯಿಂದ ತಂದದ್ದಂತೆ. ಚಕ್ರದ ಅಳತೆ ನೋಡಿ ಹಾರ್ನ್‌ಬಿ ಎಂದವರಿಗೆ ಒಂದು ಮಾತು: ಹಳಿಗಳ ನಡುವೆ 32 ಮಿಲಿಮೀಟರ್ ಇರುವ ಓ ಗೇಜ್‌ನಲ್ಲಿ ಮಾಡದ ಕಂಪನಿ ಯಾವುದಿತ್ತು?

ಯಂತ್ರದ ಕಥೆ ಬೇರೆ. ಗಡಿಯಾರದ ಕೀಲಿಯೊಂದನ್ನು ಅರದಿಂದ ತಿಕ್ಕಿ ಹೊಂದಿಸಿ ತಿರುಗಿಸಿದೆ. ಮೂರನೆಯ ಸುತ್ತಿಗೆ ಹಲ್ಲು ತಡೆಯುವ ಕೊಕ್ಕೆ ಜಾರಿತು, ಕೀಲಿ ಗಿರ್ರನೆ ಹಿಂದಕ್ಕೆ ತಿರುಗಿ ಅಂಗೈ ಸೀಳಿತು. ಘಡಿಯಾರ ಕಂಬದ ಹತ್ತಿರ ಗಡಿಯಾರ ರಿಪೇರಿ ಮಾಡುವ ಹಿರಿಯರೊಬ್ಬರು ಕೊಕ್ಕೆ ಹೊಸದಾಗಿ ಮಾಡಿಕೊಟ್ಟು ಆರುನೂರು ತೆಗೆದುಕೊಂಡರು. ‘ಸ್ಪ್ರಿಂಗ್ ಗಟ್ಟಿಯಾಗಿಯೇ ಇದೆ ಸರ್, ಹಳೆಯ ಗ್ರೀಸ್ ಅಂಟಾಗಿದೆ ಅಷ್ಟೇ’ ಎಂದರು. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ. ಹಳ್ಳಿಯಿಂದ ಅರ್ಧ ಲೀಟರ್ ತರಿಸಿ ಎರಡು ರಾತ್ರಿ ನೆನೆಸಿದೆ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ, ಒಂದೊಂದೇ ಹನಿ. ಹಳಿ ಇರಲಿಲ್ಲವಲ್ಲ, ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಡಚಿ ಎಂಟು ಅಡಿ ಹಳಿಯನ್ನೂ ಮಾಡಿದೆ. ಇಡೀ ಉದ್ದ ಓಡಿತು. ನಮ್ಮ ಮನೆಯವರೆಲ್ಲ ಊಟ ಬಿಟ್ಟು ಬಂದು ನೋಡಿದರು.

ಬೆಲೆಯ ವಿಷಯದಲ್ಲಿ ನಾನು ಹಠ ಹಿಡಿದದ್ದು ಒಂದಕ್ಕೇ: ಮಾರುವವರು ಕೇಳುವ ಬೆಲೆ ನೋಡಬಾರದು, ಮಾರಾಟವಾದ ಬೆಲೆ ಮಾತ್ರ ನೋಡಬೇಕು. ಕೇಳುವವರು ಮೂವತ್ತು ನಲವತ್ತು ಸಾವಿರ ಕೇಳುತ್ತಾರೆ. ಇಂಗ್ಲೆಂಡಿನ ಹರಾಜುಗಳಲ್ಲಿ ಇಂಥವು ಕೈಬದಲಾದದ್ದು, ನೆನಪಿನಿಂದ ಹೇಳುವುದಾದರೆ, ನೂರರಿಂದ ನೂರೈವತ್ತು ಪೌಂಡಿಗೆ. ಡಬ್ಬಿ ಇಲ್ಲದ್ದಕ್ಕೆ, ಉಳಿದ ಕಪ್ಪು ಕಲೆಗಳಿಗೆ, ಹೊಸ ಕೊಕ್ಕೆಗೆ ಕಳೆದು ಹನ್ನೆರಡು ಸಾವಿರ ಎಂದು ಚೀಟಿಯಲ್ಲಿ ಬರೆದಿಟ್ಟೆ. ಹೊರದೇಶದವರೊಬ್ಬರು ಹೆಚ್ಚು ಕೊಡುತ್ತೇನೆಂದರು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ವಸ್ತು ಪ್ರಾಚ್ಯವಸ್ತುವಾಗಬಹುದು, ಅಂಥದ್ದನ್ನು ಖಾಸಗಿಯವರು ಹೊರಗೆ ಕಳುಹಿಸುವಂತಿಲ್ಲ. 1923 ನನ್ನ ಕಿಂಡಿಯೊಳಗೇ ಇತ್ತು. ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಬೆಂಗಳೂರಿನವರೊಬ್ಬರು ಬಂದರು. ಎಂಜಿನ್ ಹಿಡಿದು ಮೊದಲು ಮುದ್ರೆ ನೋಡಿದರು, ಆಮೇಲೆ ಎಲ್.ಎಂ.ಎಸ್. ನೋಡಿದರು, ಕೀಲಿ ಕೊಟ್ಟು ಕಿವಿಗೆ ಹಿಡಿದರು. ಎಂಜಿನ್, ಬಂಡಿ, ಒಂದು ಬೋಗಿಗೆ 12,500 ಎಣಿಸಿಕೊಟ್ಟರು. ಐನೂರು ಎಂದಿದ್ದ ಗೆಳೆಯರಿಗೆ ಆ ಸಂಜೆಯೇ ಬೆಣ್ಣೆದೋಸೆ ಕೊಡಿಸಿದೆ.

ಮಾಡು ಹಾಳಾದ ಬೋಗಿಯನ್ನು ಮಾರಲಿಲ್ಲ. ಯಾವುದೇ ಹೊಸ ದ್ರಾವಣವನ್ನು ಬೇರೆ ರೈಲಿಗೆ ಮುಟ್ಟಿಸುವ ಮೊದಲು ಅದರ ಉಳಿದ ಮಗ್ಗುಲಿನ ಮೂಲೆಯಲ್ಲಿ ಒಂದು ಹನಿ ಹಾಕಿ, ರಾತ್ರಿಯಿಡೀ ಬಿಟ್ಟು ನೋಡುತ್ತೇನೆ.