ನಾಲ್ಕೂಕಾಲು ರೂಪಾಯಿ ಬಡ್ಡಿ: ಕಾರ್ಡಿನ ಸಾಲ ತೀರಿಸಲು ನಾವು ಹಾಕಿದ ವರ್ಷದ ಲೆಕ್ಕ

ನಮ್ಮ ಕಡೆ ಹಳ್ಳಿಯಲ್ಲಿ ಯಾರಾದರೂ ‘ಮೂರು ರೂಪಾಯಿ ಬಡ್ಡಿ’ಗೆ ರೊಕ್ಕ ತಂದರೆ ಮನೆಯ ಹಿರಿಯರು ಹಣೆ ಬಡಿದುಕೊಳ್ಳುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಅಂದರೆ ಹೊಲ ಕೈಬಿಟ್ಟಂತೆಯೇ ಎಂದು ಅವರ ಲೆಕ್ಕ. ನನ್ನ ದೊಡ್ಡ ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.6. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಕೂಡಿದರೆ ನಾಲ್ಕೂಕಾಲು ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 51ರ ಹತ್ತಿರ. ಅವ್ವನಿಗೆ ಇದನ್ನು ಹೀಗೆ ಬಿಡಿಸಿ ಹೇಳಿದ ದಿನದಿಂದ ನಮ್ಮ ಮನೆಯಲ್ಲಿ ಕಾರ್ಡಿನ ವಿಷಯ ನನ್ನೊಬ್ಬನದಾಗಿ ಉಳಿಯಲಿಲ್ಲ. ಅದು ಒಳ್ಳೆಯದೇ ಆಯಿತು.

ನಾನು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಅಪ್ಪನ ಕೊನೆಯ ಕಾಯಿಲೆಯ ಆಸ್ಪತ್ರೆ ಬಿಲ್ಲು, ವರ್ಷ ತುಂಬುವುದರೊಳಗೆ ಮಾಡಲೇಬೇಕಿದ್ದ ತಂಗಿಯ ಮದುವೆ, ಎರಡೂ ಸೇರಿ ಒಂದು ಕಾರ್ಡಿನ ಮೇಲೆ 96,000, ಇನ್ನೊಂದರ ಮೇಲೆ 34,000 ರೂಪಾಯಿ ನಿಂತಿತ್ತು. ಮನೆಗೆ ಬರುವುದು ನನ್ನ ಸಂಬಳ 31,000. ಹೆಂಡತಿ ಹೊಲಿಗೆ ಮಾಡುತ್ತಾಳೆ, ಮದುವೆ ಸೀಸನ್ನಿನಲ್ಲಿ ಹೆಚ್ಚು, ಆಷಾಢದಲ್ಲಿ ಕಡಿಮೆ, ಸರಾಸರಿ ತಿಂಗಳಿಗೆ 5,000 ಎಂದು ಹಿಡಿದೆವು.

ಮೊದಲು ಬಿಲ್ಲನ್ನು ಸರಿಯಾಗಿ ಓದಬೇಕು. ಮೊಬೈಲಿಗೆ ಬರುವ ಸಂದೇಶದಲ್ಲಿ ಎರಡೇ ಅಂಕಿ ಇರುತ್ತವೆ, ಪೂರ್ತಿ ಬಾಕಿ ಮತ್ತು ಕನಿಷ್ಠ ಮೊತ್ತ. ಒಳಗಿನ ಕಥೆ ಪಿಡಿಎಫ್‌ನಲ್ಲಿದೆ. 96,000ಕ್ಕೆ ಒಂದು ತಿಂಗಳ ಬಡ್ಡಿ 3,456, ಅದಕ್ಕೆ ಜಿಎಸ್‌ಟಿ 622, ಒಟ್ಟು 4,078. ಕನಿಷ್ಠ ಮೊತ್ತ ಬಾಕಿಯ ಶೇ. 5ರ ಲೆಕ್ಕದಲ್ಲಿ ಸುಮಾರು 5,000. ಅಷ್ಟು ಕಟ್ಟಿದರೆ ಅಸಲಿನಲ್ಲಿ ಕಡಿಮೆಯಾಗುವುದು 900 ಚಿಲ್ಲರೆ ರೂಪಾಯಿ. ಮಿಲ್ಲಿನಲ್ಲಿ ಯಾವ ವ್ಯಾಪಾರಿಯಾದರೂ ಇಂಥ ಕರಾರು ತಂದರೆ ನಮ್ಮ ಸಾಹುಕಾರರು ಚಹಾ ಕುಡಿಸಿ ಹಾಗೆಯೇ ಕಳಿಸುತ್ತಾರೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಹಿಂದಿನ ಬಿಲ್ಲು ಪೂರ್ತಿ ಕಟ್ಟಿರದಿದ್ದರೆ ಹೊಸ ಖರೀದಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಖರೀದಿಸಿದ ದಿನದಿಂದಲೇ ಬಡ್ಡಿ ಎಣಿಸುತ್ತಾರೆ. ಅಂದರೆ ಬಾಕಿ ಇರುವಾಗ ಕಾರ್ಡ್ ಉಜ್ಜಿ ತಂದ ಎಣ್ಣೆ ಪಾಕೀಟಿಗೂ ನಾಲ್ಕೂಕಾಲು ರೂಪಾಯಿ ಬಡ್ಡಿ. ಎಟಿಎಂನಲ್ಲಿ ಕಾರ್ಡಿನಿಂದ ನಗದು ತೆಗೆಯುವುದಂತೂ ಇನ್ನೂ ಕೆಟ್ಟದ್ದು, ಮೊದಲ ದಿನದಿಂದ ಬಡ್ಡಿಯ ಜೊತೆ ಪ್ರತ್ಯೇಕ ಶುಲ್ಕ. ಹಾಗಾಗಿ ಬಜೆಟ್ ಬರೆಯುವುದಕ್ಕೂ ಮೊದಲು ಎರಡೂ ಕಾರ್ಡುಗಳ ಬಳಕೆ ಬಂದ್. ಕಾರ್ಡನ್ನು ತಿಜೋರಿಯಲ್ಲಿ ಇಟ್ಟರೆ ಸಾಲದು, ನಂಬರು ಮೊಬೈಲಿನೊಳಗೆ ಕುಳಿತಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ವ್ಯವಹಾರದ ಗುಂಡಿ ಆಫ್ ಮಾಡಿದೆ. ರುಪೇ ಕಾರ್ಡನ್ನು ಯುಪಿಐಗೆ ಜೋಡಿಸಿದ್ದೆ, ಅದನ್ನು ಬಿಡಿಸಿದೆ. ಚಹಾ ಅಂಗಡಿಯ ಕ್ಯೂಆರ್‌ಗೂ ಸಾಲದ ರೊಕ್ಕ ಹೋಗುವ ದಾರಿ ಅದೇ.

ಆಮೇಲೆ ಕಿರ್ದಿ. ಮೊಬೈಲಿನಲ್ಲಿ ಖರ್ಚು ಬರೆಯುವ ಆ್ಯಪ್‌ಗಳು ಬೇಕಾದಷ್ಟಿವೆ, ಆದರೆ ಅವ್ವ ಮತ್ತು ಹೆಂಡತಿ ಇಬ್ಬರಿಗೂ ಕಾಣುವಂಥದ್ದು ಬೇಕಿತ್ತು. ಮಿಲ್ಲಿನಲ್ಲಿ ಬಳಸುವ ಕೆಂಪು ರಟ್ಟಿನ ಉದ್ದ ಪುಸ್ತಕವೇ ಒಂದನ್ನು ಸೂಪರ್ ಮಾರ್ಕೆಟ್‌ನಿಂದ ತಂದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ರಾತ್ರಿ ಊಟವಾದ ಮೇಲೆ ಕೆಳಗೆ ಶಿಲ್ಕು. ಶಿಲ್ಕು ಮತ್ತು ಕೈಯಲ್ಲಿರುವ ರೊಕ್ಕ ತಾಳೆಯಾಗದಿದ್ದರೆ ‘ಗೊತ್ತಿಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗುವುದು, ಜಗಳ ಮಾಡುವಂತಿಲ್ಲ. ಈ ಕೊನೆಯ ನಿಯಮ ಹೆಂಡತಿಯದು. ಅದಿಲ್ಲದಿದ್ದರೆ ಪುಸ್ತಕ ಮೊದಲ ವಾರವೇ ಅಟ್ಟ ಸೇರುತ್ತಿತ್ತು.

ಬರೆಯುತ್ತ ಹೋದಂತೆ ಗೊತ್ತಾಗಿದ್ದು, ನಮ್ಮನ್ನು ಕಾರ್ಡಿನ ಕಡೆಗೆ ತಳ್ಳುತ್ತಿದ್ದುದು ತಿಂಗಳ ಖರ್ಚಲ್ಲ. ಚಹಾ ಬಿಡಿ, ಮಿರ್ಚಿ ಭಜಿ ಬಿಡಿ, ಹೊರಗೆ ತಿನ್ನಬೇಡಿ ಎಂಬ ಉಪದೇಶ ಎಲ್ಲರೂ ಕೊಡುತ್ತಾರೆ. ನಮ್ಮ ಕಿರ್ದಿಯಲ್ಲಿ ಅದೆಲ್ಲ ಸೇರಿ ಹೆಚ್ಚೆಂದರೆ ಏಳುನೂರು. ಪೆಟ್ಟು ಬೀಳುತ್ತಿದ್ದುದು ವರ್ಷಕ್ಕೊಮ್ಮೆ, ಎರಡು ಸಲ ಬರುವ ಖರ್ಚುಗಳಿಂದ. ಅವು ಬರುತ್ತವೆ ಎಂದು ಎಲ್ಲರಿಗೂ ಗೊತ್ತು, ತಾರೀಖು ಕೂಡ ಹೆಚ್ಚುಕಡಿಮೆ ಗೊತ್ತು, ಆದರೂ ಪ್ರತಿ ಸಲ ಅಚಾನಕ್ ಬಂದ ಖರ್ಚು ಎಂದೇ ಕರೆಯುತ್ತೇವೆ.

ಒಂದು ಭಾನುವಾರ ಮೂವರೂ ಕುಳಿತು ಕ್ಯಾಲೆಂಡರ್ ತಿರುವಿದೆವು. ಜೂನ್‌ನಲ್ಲಿ ಇಬ್ಬರು ಮಕ್ಕಳ ಶಾಲೆ ಫೀಜು, ಪುಸ್ತಕ, ಬೂಟು ಸೇರಿ 18,000. ಮಾಲದಂಡಿ ಜೋಳ ಸುಗ್ಗಿಯಾಗಿ ಬರುವ ಹೊತ್ತಿಗೆ ವರ್ಷದ ಕಾಳು, ಬೇಸಿಗೆಯಲ್ಲಿ ಒಣ ಮೆಣಸಿನಕಾಯಿ, ಉಪ್ಪಿನಕಾಯಿ, ಎಲ್ಲ ಸೇರಿ 11,000. ಪಂಚಮಿ, ದಸರಾ, ದೀಪಾವಳಿ, ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆಗೆ ಬರುವ ಬೀಗರು, ಇವಕ್ಕೆ 12,000. ಮದುವೆಗಳ ಆಯೇರಿಗೆ 6,000. ಎಲ್‌ಐಸಿ ಕಂತು, ಗಾಡಿಯ ವಿಮೆ, ಟೈರು, ಬೇಸಿಗೆಗೆ ಮುಂಚೆ ಕೂಲರಿಗೆ ಹೊಸ ಹುಲ್ಲು, ಮೋಟರು. ಒಟ್ಟು 60,000ದ ಹತ್ತಿರ ಹೋಯಿತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 5,000.

ಇಲ್ಲಿ ನನ್ನ ಮಿಲ್ಲಿನ ಗೆಳೆಯ ಒಬ್ಬ ವಾದಕ್ಕೆ ಬಿದ್ದ. ಕಾರ್ಡಿಗೆ ಅಷ್ಟು ಬಡ್ಡಿ ಕಟ್ಟುತ್ತಿರುವಾಗ 5,000 ಪಕ್ಕಕ್ಕೆ ಇಡುವುದು ಯಾವ ಲೆಕ್ಕ, ಅದನ್ನೂ ಕಾರ್ಡಿಗೇ ಹಾಕು ಎಂದ. ಕಾಗದದ ಮೇಲೆ ಅವನ ಮಾತೇ ಸರಿ. ಆದರೆ ಹಾಗೆ ಎಲ್ಲವನ್ನೂ ಕಾರ್ಡಿಗೆ ಸುರಿದರೆ ಜೂನ್‌ನಲ್ಲಿ ಶಾಲೆಯ ಫೀಜು ಕಟ್ಟಲು ಮತ್ತೆ ಅದೇ ಕಾರ್ಡು ಹೊರಗೆ ಬರುತ್ತದೆ. ನಾನು ಆ 5,000ವನ್ನು ಹೆಂಡತಿಯ ಹೆಸರಿನ ಪೋಸ್ಟ್ ಆಫೀಸ್ ಉಳಿತಾಯ ಖಾತೆಗೆ ಹಾಕತೊಡಗಿದೆ. ಎಟಿಎಂ ಕಾರ್ಡ್ ತೆಗೆದುಕೊಳ್ಳಲಿಲ್ಲ. ರೊಕ್ಕ ಬೇಕಾದರೆ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಆ ತೊಂದರೆಯೇ ನಮಗೆ ಬೇಕಾಗಿದ್ದುದು. ದಸರಾದ ಹೊತ್ತಿಗೆ ಶುರು ಮಾಡಿದ್ದರಿಂದ ಆ ದೀಪಾವಳಿ ಸಣ್ಣದಾಯಿತು, ಮಕ್ಕಳಿಗೆ ಮಾತ್ರ ಹೊಸ ಬಟ್ಟೆ. ಜೋಳದ ಹೊತ್ತಿಗೆ ಖಾತೆಯಲ್ಲಿ ಸಾಕಷ್ಟಿತ್ತು. “ಯಪ್ಪಾ, ಈ ಸಲ ಜ್ವಾಳ ಉದ್ರಿ ತರಬ್ಯಾಡ, ರೊಕ್ಕಾ ಕೊಟ್ಟೇ ತಾ” ಎಂದಳು ಅವ್ವ. ನಗದು ಕೊಟ್ಟಿದ್ದಕ್ಕೆ ಅಂಗಡಿಯವ ಕ್ವಿಂಟಲ್ ದರದಲ್ಲೂ ಸ್ವಲ್ಪ ಇಳಿಸಿದ.

ತಿಂಗಳ ಖರ್ಚನ್ನು ಹೆಚ್ಚು ಕತ್ತರಿಸಲಿಲ್ಲ. ಬಾಡಿಗೆ 6,500, ಕಿರಾಣಿ 5,500, ಹಾಲು, ಕಾಯಿಪಲ್ಯ, ಗ್ಯಾಸು, ಪೆಟ್ರೋಲು, ಮೊಬೈಲು, ಅವ್ವನ ಗುಳಿಗೆ, ಮಕ್ಕಳ ಟ್ಯೂಷನ್, ಎಲ್ಲ ಕೂಡಿ 21,000 ಚಿಲ್ಲರೆ. ಕಾಯಿಪಲ್ಯದ ಸಂತೆಗೆ ನಾನು ಗಾಡಿ ತೆಗೆಯುವ ಬದಲು ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ರೊಕ್ಕ ಇಲ್ಲದ ಕಾರಣ ಹೆಂಡತಿಯೇ ಸಿಟಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಗೃಹಜ್ಯೋತಿಯಲ್ಲಿ ಕರೆಂಟ್ ಬಿಲ್ಲು ಸೊನ್ನೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಎಚ್ಚರ ಬೇಕು. 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಬಿಲ್ಲಿಗೆ ರೊಕ್ಕ ಕಟ್ಟಬೇಕು. ಕಲಬುರಗಿ ಬಿಸಿಲಿಗೆ ಕೂಲರ್ ಬಿಟ್ಟು ಬದುಕುವುದು ಆಗದ ಮಾತು, ಹಾಗಾಗಿ ಮೀಟರ್ ನೋಡುವ ಕೆಲಸ ದೊಡ್ಡ ಮಗನಿಗೆ ವಹಿಸಿದೆವು. ಅವ್ವನ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಜಮಾ ಕಡೆ ಬರೆಯಲೇ ಇಲ್ಲ. ಅದು ಅವಳ ರೊಕ್ಕ, ಮೇಲಾಗಿ ಬರುವ ತಾರೀಖು ಖಾತ್ರಿ ಇರುವುದಿಲ್ಲ. ಖಾತ್ರಿಯಿಲ್ಲದ ಜಮಾ ಹಿಡಿದು ಖಾತ್ರಿಯ ಖರ್ಚು ಬರೆಯಬಾರದು ಎಂಬುದು ಮಿಲ್ಲಿನ ಲೆಕ್ಕದಲ್ಲೂ ಪಾಠ.

36,000ದಲ್ಲಿ ತಿಂಗಳ ಖರ್ಚು, ಪೋಸ್ಟ್ ಆಫೀಸಿನ ಕಂತು ಕಳೆದರೆ ಸಾಲಕ್ಕೆ 9,800 ಉಳಿಯಿತು. ಎರಡೂ ಕಾರ್ಡುಗಳ ಬಡ್ಡಿ, ಜಿಎಸ್‌ಟಿಯೇ 5,200 ದಾಟುತ್ತಿತ್ತು. ಹೀಗೆ ಹೋದರೆ ಎರಡು ವರ್ಷದ ಕೆಲಸ. ಬಡ್ಡಿಯ ದರವನ್ನೇ ಇಳಿಸಬೇಕು, ಬೇರೆ ದಾರಿಯಿಲ್ಲ ಎಂದು ಹೇಳುತ್ತ ಕುಳಿತಿದ್ದೆ. ಹೊಲಿಗೆ ಮಷೀನಿನಿಂದ ತಲೆ ಎತ್ತದೆಯೇ ಹೆಂಡತಿ ಅಂದಳು, “ಡಬ್ಬ್ಯಾಗ ಕುಂತ ಬಂಗಾರಕ್ಕ ಬಡ್ಡಿ ಬರಲ್ಲ, ಆ ಕಾರ್ಡಿಗಿ ಮಾತ್ರ ಬಡ್ಡಿ ಹೋಗ್ತದ. ಯಾವ್ದು ಛಲೋ ನೀವೇ ಹೇಳ್ರಿ.”

ಬಂಗಾರ ಅಡ ಇಡುವುದೆಂದರೆ ನಮ್ಮಲ್ಲಿ ಮಾನದ ಪ್ರಶ್ನೆ, ನೆಂಟರಿಗೆ ಗೊತ್ತಾದರೆ ಮಾತು ಬೆಳೆಯುತ್ತದೆ. ಆದರೆ ಲೆಕ್ಕ ಅವಳ ಕಡೆಗಿತ್ತು. ಬ್ಯಾಂಕಿನಲ್ಲಿ ನನಗೆ ಸಿಕ್ಕ ಬಂಗಾರದ ಸಾಲದ ಬಡ್ಡಿ ವರ್ಷಕ್ಕೆ ಶೇ. 9.5. 96,000ಕ್ಕೆ ತಿಂಗಳಿಗೆ 760 ರೂಪಾಯಿ. ಸಾಮಾನ್ಯ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಮಾತ್ರ ಇದೆ, ಅದೂ ಉಳಿಯಿತು. ಅದೇ ಅಸಲಿಗೆ ತಿಂಗಳಿಗೆ 3,300 ರೂಪಾಯಿ ಕಡಿಮೆ. ಹತ್ತಿರದ ಖಾಸಗಿ ಫೈನಾನ್ಸಿನಲ್ಲಿ ಐದು ನಿಮಿಷದಲ್ಲಿ ಕೊಡುತ್ತೇವೆ ಎನ್ನುತ್ತಾರೆ, ಆದರೆ ಅಲ್ಲಿ ದರ ಎರಡು ಪಟ್ಟು ಇರಬಹುದು, ಬಡ್ಡಿ ತಡವಾದರೆ ದರ ಇನ್ನೂ ಏರುವ ಕರಾರೂ ಇರುತ್ತದೆ. ವರ್ಷಕ್ಕೆ ಎಷ್ಟು, ತೂಕ ನೋಡುವವರ ಶುಲ್ಕ ಎಷ್ಟು, ನಡುವೆ ಸ್ವಲ್ಪ ಸ್ವಲ್ಪ ಅಸಲು ಕಟ್ಟಬಹುದೇ, ಈ ಮೂರನ್ನು ಕೇಳದೆ ಬಂಗಾರ ಕೈಯಿಂದ ಬಿಡಬಾರದು. ಬಂಗಾರ ಇಲ್ಲದವರು ಪರ್ಸನಲ್ ಲೋನ್ ದರ ವಿಚಾರಿಸಿ ನೋಡಬಹುದು, ಬಹಳ ಸಲ ಅದೂ ಕಾರ್ಡಿಗಿಂತ ಅಗ್ಗವೇ.

ಬಂಗಾರ ಅಡ ಇಟ್ಟು ತಂದ ರೊಕ್ಕವನ್ನು ದೊಡ್ಡ ಕಾರ್ಡಿಗೆ ಒಂದೇ ಸಲ ಕಟ್ಟಿದ ಮೇಲೂ ಮುಂದಿನ ತಿಂಗಳು ಮತ್ತೊಂದು ಸಣ್ಣ ಬಿಲ್ಲು ಬಂತು. ಬಿಲ್ಲು ತಯಾರಾದ ದಿನದಿಂದ ನಾವು ಕಟ್ಟಿದ ದಿನದವರೆಗಿನ ಬಡ್ಡಿ ಅದು, ಕಾರ್ಡಿನ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. ಸೊನ್ನೆ ಆಯಿತೆಂದು ಆ್ಯಪ್ ಅಳಿಸಿ ಹಾಕಿದವರಿಗೆ ಈ ನಾಲ್ಕು ಕಾಸಿನ ಬಾಕಿಯೇ ಲೇಟ್ ಫೀ ಸೇರಿ ಬೆಳೆಯುತ್ತದೆ. ಅದನ್ನೂ ತೀರಿಸಿ ಕಾರ್ಡ್ ಮುಚ್ಚಲು ಅರ್ಜಿ ಹಾಕಿದೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿದೆ. ಅರ್ಜಿಯ ನಂಬರು ಬರೆದಿಟ್ಟುಕೊಳ್ಳಬೇಕು.

ಸಣ್ಣ ಕಾರ್ಡಿನ ತೊಂದರೆ ಬೇರೆ. ನಮ್ಮ ಮಿಲ್ಲಿನ ಸಂಬಳ 7ನೇ ತಾರೀಖಿಗೆ, ಬಿಲ್ಲಿನ ಕೊನೆಯ ದಿನ 3. ಪ್ರತಿ ತಿಂಗಳೂ ಯಾರ ಹತ್ತಿರವಾದರೂ ಕೈಗಡ. ಬಿಲ್ಲಿನ ಚಕ್ರವನ್ನು, ಅಂದರೆ ತಿಂಗಳ ಯಾವ ದಿನ ಬಿಲ್ಲು ತಯಾರಾಗಬೇಕು ಎಂಬುದನ್ನು, ಕನಿಷ್ಠ ಒಂದು ಸಲವಾದರೂ ಬದಲಿಸಿಕೊಳ್ಳುವ ಹಕ್ಕು ಗ್ರಾಹಕನಿಗಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿಕೊಂಡ ಮೇಲೆ ಕೊನೆಯ ದಿನ 12ಕ್ಕೆ ಹೋಯಿತು. ಆದರೂ 12ರ ತನಕ ಕಾಯಲಿಲ್ಲ, ಸಂಬಳ ಬಿದ್ದ ಸಂಜೆಯೇ 9,000 ಕಟ್ಟುತ್ತಿದ್ದೆ. ದಿನದ ಬಡ್ಡಿ ಉಳಿಯುವುದು ಅಷ್ಟಿಷ್ಟು, ಆದರೆ ಖಾತೆಯಲ್ಲಿ ರೊಕ್ಕ ಕಂಡರೆ ಮನೆಯಲ್ಲಿ ಅದಕ್ಕೆ ಹತ್ತು ಕೆಲಸ ಹುಟ್ಟುತ್ತವೆ. ನಾಲ್ಕೈದು ತಿಂಗಳಲ್ಲಿ ಆ ಕಾರ್ಡೂ ಸೊನ್ನೆಗೆ ಬಂತು.

ನಡುವೆ ಫೋನುಗಳು. ಬಾಕಿಯನ್ನು ಇಎಂಐ ಮಾಡಿಕೊಡುತ್ತೇವೆ, ತಿಂಗಳಿಗೆ ಇಷ್ಟೇ ಎಂದು ಒಬ್ಬ ಹುಡುಗಿ ಬಹಳ ವಿನಯದಿಂದ ಹೇಳಿದಳು. ಇಎಂಐ ಮೊತ್ತ ಕೇಳಬಾರದು, ವರ್ಷದ ದರ ಕೇಳಬೇಕು, ಜೊತೆಗೆ ಪ್ರೊಸೆಸಿಂಗ್ ಫೀ, ಬಡ್ಡಿಯ ಮೇಲಿನ ಜಿಎಸ್‌ಟಿ, ಮೊದಲೇ ತೀರಿಸಿದರೆ ಬೀಳುವ ದಂಡ. ಎಲ್ಲ ಕೂಡಿಸಿದಾಗ ಬಂಗಾರದ ಸಾಲದ ಹತ್ತಿರಕ್ಕೂ ಅದು ಬರಲಿಲ್ಲ. ಆದರೆ ಬೇರೆ ಅಗ್ಗದ ಸಾಲವೇ ಸಿಗದವರಿಗೆ ಇಎಂಐ ಕೂಡ ಬರೀ ಕನಿಷ್ಠ ಮೊತ್ತ ಕಟ್ಟುವುದಕ್ಕಿಂತ ಎಷ್ಟೋ ವಾಸಿ. ಸೆಟ್ಲ್‌ಮೆಂಟ್ ಮಾಡಿಕೊಂಡರೆ ಅರ್ಧಕ್ಕೆ ಮುಗಿಯುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು. ಕಟ್ಟುವ ಶಕ್ತಿ ಇದ್ದವರು ಆ ದಾರಿ ಹಿಡಿಯಬಾರದು, ನಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ ಸಾಲ ‘ಮುಕ್ತಾಯ’ ಎಂದಲ್ಲ, ‘ಸೆಟಲ್ ಆಗಿದೆ’ ಎಂದು ದಾಖಲಾಗುತ್ತದೆ, ಮುಂದೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ. ವಸೂಲಿಯವರ ಕಾಟ ಇರುವವರಿಗೆ ಒಂದು ಮಾತು: ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡುವಂತಿಲ್ಲ. ಬ್ಯಾಂಕಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು.

ಬಂಗಾರದ ಸಾಲಕ್ಕೆ ತಿಂಗಳ ಕಂತಿನ ಜೊತೆ ದೀಪಾವಳಿಯ ಬೋನಸ್, ತೊಗರಿ ಸೀಸನ್ನಿನ ಓವರ್‌ಟೈಮ್ ಕೂಡ ಹೋದವು. ವರ್ಷ ತುಂಬಿದಾಗ ಸ್ವಲ್ಪ ಉಳಿದಿತ್ತು, ಬಡ್ಡಿ ಕಟ್ಟಿ ಮುಂದುವರಿಸಿ ಆಮೇಲೆ ಬಿಡಿಸಿಕೊಂಡೆವು. ಪೋಸ್ಟ್ ಆಫೀಸಿನ ಕಂತು ನಿಲ್ಲಿಸಿಲ್ಲ, ಫೀಜು ಏರಿದ್ದರಿಂದ ಅದು ಈಗ 5,500. ಸಾಲಕ್ಕೆ ಹೋಗುತ್ತಿದ್ದ ರೊಕ್ಕದಲ್ಲಿ 6,000 ಆಸ್ಪತ್ರೆಗೆಂದು ಬೇರೆ ಖಾತೆಯಲ್ಲಿ ಕೂಡುತ್ತಿದೆ. ಸಣ್ಣ ಕಾರ್ಡನ್ನು ಮುಚ್ಚದೆ ಮಿತಿಯನ್ನು 30,000ಕ್ಕೆ ಇಳಿಸಿಕೊಂಡು ಪೆಟ್ರೋಲಿಗೆ ಮಾತ್ರ ಇಟ್ಟುಕೊಂಡಿದ್ದೇನೆ. ಆಟೋ ಡೆಬಿಟ್ ಹಾಕುವಾಗ ‘ಪೂರ್ತಿ ಮೊತ್ತ’, ‘ಕನಿಷ್ಠ ಮೊತ್ತ’ ಎಂದು ಎರಡು ಆಯ್ಕೆ ಬರುತ್ತವೆ, ಅರ್ಜಿ ತುಂಬಿಸುವವರು ಕೆಲವೊಮ್ಮೆ ಕೇಳದೆಯೇ ಎರಡನೆಯದಕ್ಕೆ ಟಿಕ್ ಹಾಕಿಬಿಡುತ್ತಾರೆ. ಪೆನ್ನು ನಿಮ್ಮ ಕೈಯಲ್ಲೇ ಇರಲಿ.